ನಮ್ಮನೆ ಗೀಸರ್‌ಗೂ ಗ್ರಿಡ್‌ಗೂ ಏನ್ ಸಂಬಂಧ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಕರೆಂಟ್ ಬಿಲ್ ಬಗ್ಗೆ ಬರೀತಾ ಕೊನೇಲಿ ಒಂದೇ ಒಂದು ಸಾಲು ಸೇರಿಸಿದ್ದೆ, ಮುಂದೆ ನಿಮ್ಮನೆ ಗೀಸರ್, ಎಸಿ, ಮೋಟ್ರು ಎಲ್ಲಾ ಇಂಟರ್ನೆಟ್‌ಗೆ ಸೇರ್ಕೊಂಡು ಪವರ್ ಗ್ರಿಡ್, ಅಂದ್ರೆ ಕರೆಂಟ್ ತಯಾರಾಗೋ ಕಡೆಯಿಂದ ಮನೆವರೆಗಿನ ಇಡೀ ಜಾಲ, ಏರುಪೇರಾಗದ ಹಾಗೆ ನೋಡ್ಕೊಳ್ಳೋ ಕಾಲ ಬರತ್ತೆ ಅಂತ. ಬಿಲ್ ಬಗ್ಗೆ ಬರೆದಿದ್ದನ್ನ ಯಾರೂ ಕೇಳ್ಲಿಲ್ಲ, ಬಂದ ಪ್ರಶ್ನೆ ಎಲ್ಲಾ ಆ ಒಂದು ಸಾಲಿಗೇ. ಸರಿ, ಈ ಸಲ ಪೂರ್ತಿ ಅದೇ. ಒಂದೇ ತರದ್ದನ್ನ ಸೇರಿಸಿದೀನಿ, ಬೈದು ಬರೆದಿರೋದನ್ನೂ ಬಿಟ್ಟಿಲ್ಲ.

ಪ್ರಶ್ನೆ: ನಮ್ಮನೇಲಿರೋದು 15 ಲೀಟರಿನ ಒಂದು ಗೀಸರ್. ಅದನ್ನ ಹತ್ತು ನಿಮಿಷ ಆಫ್ ಮಾಡಿದ್ರೆ ದೇಶದ ಗ್ರಿಡ್‌ಗೆ ಏನ್ ಮಹಾ ಉಪಕಾರ ಆಗತ್ತೆ?
ಗೃಹಿಣಿ, ಮೈಸೂರು

ಉತ್ತರ: ನಿಮ್ಮದೊಂದರಿಂದ ಏನೂ ಆಗಲ್ಲ ಮೇಡಂ, ಅದು ನಿಜ. ಆದ್ರೆ ಬೆಳಿಗ್ಗೆ ಆರರಿಂದ ಎಂಟರೊಳಗೆ ಗೀಸರ್ ಹಾಕದೇ ಇರೋ ಮನೆ ನಿಮ್ಮ ಬೀದೀಲಿ ಎಷ್ಟಿದಾವೆ ಎಣಿಸಿ ನೋಡಿ. ಒಂದು ಗೀಸರ್ 2 ಕಿಲೋವ್ಯಾಟ್, ಒಂದು ಲಕ್ಷ ಗೀಸರ್ ಒಟ್ಟಿಗೆ ಆನ್ ಇದ್ರೆ 200 ಮೆಗಾವ್ಯಾಟ್. ಶರಾವತಿ ಪವರ್ ಹೌಸಲ್ಲಿ ಹತ್ತು ಮೆಷಿನ್ ಇದಾವೆ, ಒಂದೊಂದು 103.5 ಮೆಗಾವ್ಯಾಟ್. ಅಂದ್ರೆ ಒಂದು ಲಕ್ಷ ಮನೆಯವರ ಸ್ನಾನಕ್ಕೆ ಅಲ್ಲಿ ಹೆಚ್ಚೂಕಡಿಮೆ ಎರಡು ಮೆಷಿನ್ ಫುಲ್ ಲೋಡಲ್ಲಿ ತಿರುಗ್ತಾ ಇರ್ಬೇಕು.

ಕರೆಂಟನ್ನ ತಂತೀಲಿ ಕೂಡಿಡೋಕೆ ಆಗಲ್ಲ, ಈ ಸೆಕೆಂಡು ಎಷ್ಟು ಬೇಕೋ ಅಷ್ಟೇ ಈ ಸೆಕೆಂಡು ತಯಾರಾಗ್ಬೇಕು. ಬಳಕೆ ಜಾಸ್ತಿ ಆದ್ರೆ ಜನರೇಟರ್‌ಗಳ ಮೇಲೆ ಭಾರ ಬಿದ್ದು ಅವು ನಿಜವಾಗ್ಲೂ ಸ್ವಲ್ಪ ನಿಧಾನ ಆಗ್ತವೆ, ಕಡಿಮೆ ಆದ್ರೆ ಸ್ವಲ್ಪ ಜೋರಾಗಿ ತಿರುಗ್ತವೆ, ಆ ತಿರುಗೋ ವೇಗದ ಲೆಕ್ಕವೇ ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ ಅದು 50 ಹರ್ಟ್ಜ್ ಇರ್ಬೇಕು, ನಿಯಮದ ಪ್ರಕಾರ 49.90ರಿಂದ 50.05ರ ಒಳಗೆ. ಎಷ್ಟು ಸಣ್ಣ ಸಂದು ನೋಡಿ. ಬೆಂಗಳೂರಿನ ರೇಸ್ ಕೋರ್ಸ್ ಹತ್ರ ದಕ್ಷಿಣ ಭಾರತಕ್ಕೆಲ್ಲ ಸೇರಿದ ಲೋಡ್ ಡಿಸ್ಪ್ಯಾಚ್ ಸೆಂಟರ್ ಇದೆ, ಅಲ್ಲಿ ಹಗಲೂ ರಾತ್ರಿ ಪಾಳಿ ಮೇಲೆ ಕೂತು ನೋಡ್ತಾ ಇರೋದು ಇದನ್ನೇ. 2013ರ ಡಿಸೆಂಬರ್ 31ಕ್ಕೆ ರಾಯಚೂರು–ಸೊಲ್ಲಾಪುರ ಲೈನಲ್ಲಿ ಕರೆಂಟ್ ಹರಿದ್ಮೇಲೆ ಇಡೀ ದೇಶ ಒಂದೇ ಗ್ರಿಡ್, ಆದ್ರಿಂದ ಲೂಧಿಯಾನದಲ್ಲಿ ಫ್ರೀಕ್ವೆನ್ಸಿ ಅಲ್ಲಾಡಿದ್ರೆ ಮೈಸೂರಲ್ಲೂ ಅಲ್ಲಾಡತ್ತೆ. ಅದಕ್ಕೂ ಮುಂಚೆ ನಮ್ಮ ದಕ್ಷಿಣದ್ದು ಬೇರೆ ಗ್ರಿಡ್, 2012ರ ಜುಲೈ 30, 31ರಂದು ಉತ್ತರ ಭಾರತ ಪೂರ್ತಿ ಕತ್ತಲಾದಾಗ ನಾವು ಇಲ್ಲಿ ಆರಾಮಾಗಿ ಟೀವೀಲಿ ಆ ಸುದ್ದಿ ನೋಡ್ತಾ ಕೂತಿದ್ದು ಅದಕ್ಕೇ.

ಮನೆಗಳ ಕೈಲಿ ಎಷ್ಟು ಶಕ್ತಿ ಇದೆ ಅನ್ನೋದಕ್ಕೆ ಬೇರೆ ಎಲ್ಲೂ ಹುಡುಕೋದು ಬೇಡ, 2020ರ ಏಪ್ರಿಲ್ 5 ನೆನಪಿದ್ಯಲ್ಲ, ರಾತ್ರಿ 9 ಗಂಟೆಗೆ 9 ನಿಮಿಷ ದೀಪ ಆರಿಸಿ ಹಣತೆ ಹಚ್ಚಿದ್ದು? ಗ್ರಿಡ್‌ನವರು ಮೊದ್ಲೇ ಲೆಕ್ಕ ಹಾಕಿದ್ದು 12 ಸಾವಿರ ಮೆಗಾವ್ಯಾಟ್ ಆಸುಪಾಸು ಇಳಿಯತ್ತೆ ಅಂತ, ನಿಜವಾಗಿ ಇಳಿದಿದ್ದು 31 ಸಾವಿರ ಮೆಗಾವ್ಯಾಟ್ ಚಿಲ್ಲರೆ. ಬರೀ ಲೈಟು! ಜಲವಿದ್ಯುತ್ ಮೆಷಿನ್‌ಗಳನ್ನ ಸರಸರ ಇಳಿಸಿ ಮತ್ತೆ ಸರಸರ ಏರಿಸಿ ಹೇಗೋ ಸಂಭಾಳಿಸಿದ್ರು. ಆವತ್ತು ಎಲ್ಲರೂ ಒಂದೇ ಸಲ ಮಾಡಿದ್ರಿಂದ ಗ್ರಿಡ್‌ಗೆ ತಲೆನೋವು ಆಯ್ತು, ಅದೇ ಕೆಲಸ ಬೇಕಾದಾಗ ಬೇಕಾದಷ್ಟೇ ಸ್ವಲ್ಪಸ್ವಲ್ಪವಾಗಿ ಆದ್ರೆ ಉಪಕಾರ. ವಿಷಯ ಇರೋದು ಇಷ್ಟೇ.

ಇನ್ನು ನಿಮ್ಮ ಗೀಸರ್. 15 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯೋಕೆ 0.6 ಯುನಿಟ್ ಚಿಲ್ಲರೆ ಬೇಕು, 20 ನಿಮಿಷದ ಒಳಗಿನ ಕೆಲಸ. ಆ 20 ನಿಮಿಷ ಐದೂವರೆಗೆ ಆಗ್ಲಿ ಆರೂವರೆಗೆ ಆಗ್ಲಿ ನಿಮಗೆ ಏಳಕ್ಕೆ ಬಿಸಿನೀರು ಸಿಕ್ಕಿದ್ರೆ ಸಾಕು, ಗ್ರಿಡ್‌ಗೆ ಮಾತ್ರ ಅದು ಯಾವಾಗ ಆಯ್ತು ಅನ್ನೋದು ಬಹಳ ಮುಖ್ಯ. ಹೀಗೆ ಹಿಂದೆಮುಂದೆ ಮಾಡಿದ್ರೂ ನಡೆಯೋ ಸಾಮಾನು ಮನೇಲಿ ನಾಲ್ಕೈದೇ ಇರೋದು. ಗೀಸರ್, ಎಸಿ, ಫ್ರಿಜ್, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜರ್, ಆಮೇಲೆ ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರೆತ್ತೋ ಮೋಟ್ರು. ಮಿಕ್ಸಿ, ಟೀವಿ, ಫ್ಯಾನ್ ತಂಟೆಗೆ ಯಾರೂ ಬರಲ್ಲ, ಚಟ್ನಿ ಅರ್ಧ ರುಬ್ಬಿ ಗ್ರಿಡ್ ಸರಿಹೋಗ್ಲಿ ಅಂತ ಕಾಯೋಕಾಗತ್ತಾ?

ಪ್ರಶ್ನೆ: ಗ್ರಿಡ್‌ಗೆ ಕಷ್ಟ ಆಗಿದೆ ಅಂತ ನಮ್ಮನೆ ಫ್ರಿಜ್‌ಗೆ ಹೇಗೆ ಗೊತ್ತಾಗತ್ತೆ? ವೈಫೈ ಇಲ್ದೇ ಇದ್ರೆ?
ಡಿಪ್ಲೊಮಾ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಒಳ್ಳೆ ಪ್ರಶ್ನೆ ಕಣಪ್ಪ, ಯಾಕಂದ್ರೆ ಇಲ್ಲಿ ಎರಡು ದಾರಿ ಇದೆ, ಜನ ಒಂದನ್ನೇ ಮಾತಾಡ್ತಾರೆ. ಒಂದು, ಯಾರೋ ಹೊರಗಿಂದ ಸಿಗ್ನಲ್ ಕಳಿಸೋದು. ಅದಕ್ಕೆ ವೈಫೈನೇ ಬೇಕು ಅಂತೇನಿಲ್ಲ, ನ್ಯೂಜಿಲೆಂಡ್‌ನಲ್ಲಿ 1950ರ ದಶಕದಿಂದಲೇ ಕರೆಂಟ್ ತಂತಿ ಮೇಲೇ ಒಂದು ಬೇರೆ ಫ್ರೀಕ್ವೆನ್ಸಿಯ ಸಿಗ್ನಲ್ ಬಿಟ್ಟು ಮನೆಮನೆ ಬಿಸಿನೀರಿನ ಟ್ಯಾಂಕ್ ಆನ್ ಆಫ್ ಮಾಡ್ತಾ ಬಂದಿದಾರೆ. ಇಂಗ್ಲೆಂಡಲ್ಲಿ 1980ರ ದಶಕದಿಂದ ಬಿಬಿಸಿ ರೇಡಿಯೋದ 198 ಕಿಲೋಹರ್ಟ್ಜ್ ಲಾಂಗ್ ವೇವ್ ಪ್ರಸಾರದ ಒಳಗೇ ಸೇರಿಸಿ ಮೀಟರ್‌ಗೆ ಸಿಗ್ನಲ್ ಕಳಿಸ್ತಿದ್ರು, ವಾರ್ತೆ ಕೇಳೋರಿಗೆ ಅದು ಕೇಳ್ಸೋದೂ ಇಲ್ಲ, ಅದನ್ನ ಹಂತಹಂತವಾಗಿ ನಿಲ್ಲಿಸೋಕೆ ಶುರು ಮಾಡಿದ್ದೇ 2025ರ ಜೂನ್ ಕೊನೇಲಿ. ಸ್ಮಾರ್ಟ್ ಹೋಮ್ ಅನ್ನೋ ಮಾತು ಹುಟ್ಟೋ ಮುಂಚಿನ ಕಥೆ ಇವೆಲ್ಲ.

ಎರಡನೇ ದಾರಿ ನನಗೆ ಜಾಸ್ತಿ ಇಷ್ಟ. ಯಾರೂ ಏನೂ ಹೇಳೋದೇ ಬೇಡ, ಯಾಕಂದ್ರೆ ನಿನ್ನ ಮನೆ ಪ್ಲಗ್ ಪಾಯಿಂಟಲ್ಲೇ ಸುದ್ದಿ ಇದೆ! ಫ್ರೀಕ್ವೆನ್ಸಿ ದೇಶದ ತುಂಬಾ ಒಂದೇ, ಸಾಕೆಟ್‌ನಲ್ಲಿ ಒಂದು ಸಣ್ಣ ಚಿಪ್ ಅದನ್ನ ಅಳೆದ್ರೆ ಗ್ರಿಡ್ ಏದುಸಿರು ಬಿಡ್ತಿದ್ಯಾ ಇಲ್ವಾ ಗೊತ್ತಾಗ್ಬಿಡತ್ತೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಫ್ರೆಡ್ ಶ್ವೆಪ್ಪೆ ಅನ್ನೋ ಪ್ರೊಫೆಸರ್ 1980ರ ಸುಮಾರಿಗೇ ಇದನ್ನ ಹೇಳಿದ್ರು. ಆಮೇಲೆ 2006–07ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ನ್ಯಾಷನಲ್ ಲ್ಯಾಬ್‌ನವರು ವಾಷಿಂಗ್ಟನ್, ಒರೆಗಾನ್ ಕಡೆ ಮನೆಗಳಲ್ಲಿ 150 ಬಟ್ಟೆ ಒಣಗಿಸೋ ಮೆಷಿನ್, 50 ವಾಟರ್ ಹೀಟರ್‌ಗೆ ಇಂಥ ಚಿಪ್ ಹಾಕಿ ನೋಡಿದ್ರು. ಅಲ್ಲಿ 60 ಹರ್ಟ್ಜ್, ಅದು 59.95ಕ್ಕಿಂತ ಕೆಳಗೆ ಹೋದ ತಕ್ಷಣ ಡ್ರೈಯರ್‌ನ ಹೀಟಿಂಗ್ ಕಾಯಿಲ್ ಮಾತ್ರ ಬಂದ್, ಡ್ರಮ್ ತಿರುಗ್ತಾನೇ ಇರತ್ತೆ, ಕೆಲವು ಸೆಕೆಂಡು, ಜಾಸ್ತಿ ಅಂದ್ರೆ ಕೆಲವು ನಿಮಿಷ ಆದ್ಮೇಲೆ ಮತ್ತೆ ಆನ್. ಹೆಚ್ಚೂಕಡಿಮೆ ದಿನಕ್ಕೊಂದು ಸಲ ಹಂಗೆ ಆಯ್ತು, ಮನೆಯವರಿಗೆ ಗೊತ್ತೂ ಆಗ್ಲಿಲ್ಲ. ಇಂಟರ್ನೆಟ್ ಬೇಡ, ಆಪ್ ಬೇಡ, ಪಾಸ್‌ವರ್ಡ್ ಬೇಡ. ಇಷ್ಟು ಒಳ್ಳೇದು ಯಾಕೆ ಎಲ್ಲ ಕಡೆ ಬರ್ಲಿಲ್ಲ ಅಂದ್ರೆ ಚಿಪ್ಪಿನ ದುಡ್ಡು ಕೊಡೋನು ಗ್ರಾಹಕ, ಲಾಭ ಗ್ರಿಡ್‌ಗೆ. ಹಂಗಿದ್ರೆ ಕಂಪನಿಯವನು ಯಾಕೆ ಹಾಕ್ತಾನೆ?

ಪ್ರಶ್ನೆ: ಇದು ಲೋಡ್ ಶೆಡ್ಡಿಂಗ್‌ಗೇ ಹೊಸ ಹೆಸರು ಅಷ್ಟೇ. ಮೊದ್ಲು ಇಡೀ ಏರಿಯಾದ ಲೈನು, ಅಂದ್ರೆ ಫೀಡರ್ ಆಫ್ ಮಾಡ್ತಿದ್ರು, ಈಗ ನಮ್ಮನೆ ಒಳಗೆ ಬಂದು ಎಸಿ ಆಫ್ ಮಾಡ್ತಾರೆ. ನಿಮ್ಮಂಥವರು ಅದಕ್ಕೆ ಬಣ್ಣ ಹಚ್ಚಿ ಬರೀತೀರ.
ನಿವೃತ್ತ ಬ್ಯಾಂಕ್ ನೌಕರರು, ಕಲಬುರಗಿ

ಉತ್ತರ: ಕಲಬುರಗಿ ಬ್ಯಾಸಗಿ ಬಲ್ಲೋರು ಎಸಿ ವಿಷ್ಯಕ್ಕೆ ಸಿಟ್ಟು ಮಾಡ್ಕೊಳ್ಳೋದು ನ್ಯಾಯವೇ ಸರ್. ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. 2021ರ ಜೂನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಆಗಿದ್ದೇ ಅದು, ಮಧ್ಯಾಹ್ನ ಮಲಗಿ ಎದ್ದೋರಿಗೆ ಮನೆಯೆಲ್ಲ ಬಿಸಿ, ನೋಡಿದ್ರೆ ಎಸಿಗೆ ಎಷ್ಟು ಡಿಗ್ರಿ ಅಂತ ಹೇಳೋ ಥರ್ಮೋಸ್ಟಾಟ್‌ನ ಸೆಟ್ಟಿಂಗ್ ತಾನಾಗೇ ಮೇಲಕ್ಕೆ ಹೋಗಿದೆ. ಹಿಂದೆ ಯಾವಾಗ್ಲೋ ಲಾಟರಿ ತರದ ಬಹುಮಾನದ ಆಸೆಗೆ ಒಂದು ಸ್ಕೀಮ್‌ಗೆ ಟಿಕ್ ಮಾಡಿದ್ರಂತೆ, ಏನಕ್ಕೆ ಒಪ್ಪಿದ್ದು ಅನ್ನೋದೇ ಬಹಳ ಜನಕ್ಕೆ ನೆನಪಿರ್ಲಿಲ್ಲ. ಕಾನೂನು ಪ್ರಕಾರ ತಪ್ಪಿಲ್ಲದೇ ಇರಬಹುದು, ಆದ್ರೆ ಜನರ ನಂಬಿಕೆ ಕಳ್ಕೊಳ್ಳೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಆದ್ರೂ ವ್ಯತ್ಯಾಸ ಇದೆ. ಲೋಡ್ ಶೆಡ್ಡಿಂಗಲ್ಲಿ ಫೀಡರ್ ಎಳೆದ್ರೆ ಆಸ್ಪತ್ರೆ ಪಕ್ಕದ ಮನೆಯ ಆಕ್ಸಿಜನ್ ಮೆಷಿನ್ನೂ ಹೋಗತ್ತೆ, ಪಕ್ಕದ ಬಟ್ಟೆ ಅಂಗಡಿಯ ಎಸಿನೂ ಹೋಗತ್ತೆ, ಎರಡೂ ಒಂದೇ ಲೆಕ್ಕ. ಇಲ್ಲಿ ಹಂಗಲ್ಲ, ಎಸಿಯ ಕಂಪ್ರೆಸರ್ ಮಾತ್ರ ಸ್ವಲ್ಪ ಹೊತ್ತು ಇಳಿಯತ್ತೆ, ಫ್ಯಾನು ಲೈಟು ಎಲ್ಲ ಇರತ್ತೆ. ನನ್ನ ಪ್ರಕಾರ ಮೂರು ಷರತ್ತು ಇರಲೇಬೇಕು, ನಾನಾಗೇ ಕೇಳಿ ಸೇರ್ಕೊಂಡಿರ್ಬೇಕು, ಬೇಡ ಅಂದ ಕ್ಷಣ ಒಂದು ಬಟನ್ ಒತ್ತಿ ವಾಪಸ್ ಹಾಕ್ಕೊಳ್ಳೋ ಹಾಗಿರ್ಬೇಕು, ಅದಕ್ಕೆ ನನಗೆ ದುಡ್ಡು ಬರ್ಬೇಕು. ಮೂರರಲ್ಲಿ ಒಂದು ಇಲ್ದಿದ್ರೂ ನೀವು ಹೇಳಿದ್ದೇ ಸರಿ, ಅದು ಲೋಡ್ ಶೆಡ್ಡಿಂಗೇ.

ಕೇಳಿದ್ರೆ ಜನ ಇಲ್ಲ ಅನ್ನಲ್ಲ ಸರ್. 2022ರ ಸೆಪ್ಟೆಂಬರ್ 6ಕ್ಕೆ ಕ್ಯಾಲಿಫೋರ್ನಿಯಾದಲ್ಲಿ ವಿಪರೀತ ಸೆಕೆ, ಬೇಡಿಕೆ 52 ಸಾವಿರ ಮೆಗಾವ್ಯಾಟ್ ದಾಟಿ ರೆಕಾರ್ಡ್ ಆಯ್ತು, ಇನ್ನೇನು ಫೀಡರ್ ಎಳೀಬೇಕು ಅನ್ನೋ ಹೊತ್ತಿಗೆ ಸಂಜೆ ಐದೂ ಮುಕ್ಕಾಲರ ಸುಮಾರಿಗೆ ಸರ್ಕಾರ ಜನರ ಮೊಬೈಲ್‌ಗೆ ಒಂದು ಮೆಸೇಜ್ ಹಾಕ್ತು, ದಯವಿಟ್ಟು ಬಳಕೆ ಕಡಿಮೆ ಮಾಡಿ ಅಂತ. ಅರ್ಧ ಗಂಟೆ ಒಳಗೆ 2 ಸಾವಿರ ಮೆಗಾವ್ಯಾಟ್ ಹತ್ತಿರ ಇಳೀತು, ಕರೆಂಟ್ ಉಳೀತು. ಇಂಗ್ಲೆಂಡಲ್ಲಿ ಅದೇ ವರ್ಷದ ಚಳಿಗಾಲದಲ್ಲಿ ದುಡ್ಡು ಕೊಟ್ಟೇ ಕೇಳಿದ್ರು, ಹೇಳಿದ ಹೊತ್ತಲ್ಲಿ ಕಡಿಮೆ ಮಾಡಿದ ಒಂದೊಂದು ಯುನಿಟ್‌ಗೆ ಗ್ರಿಡ್‌ನವರು ಸಪ್ಲೈ ಕಂಪನಿಗಳಿಗೆ ಪರೀಕ್ಷಾ ಹಂತದಲ್ಲಿ 3 ಪೌಂಡ್ ಕೊಟ್ರು, ಅದರಲ್ಲಿ ಮನೆಯವರಿಗೂ ಪಾಲು, 16 ಲಕ್ಷ ಮನೆ ಮತ್ತು ವ್ಯಾಪಾರಿಗಳು ಸೇರ್ಕೊಂಡ್ರು.

ಪ್ರಶ್ನೆ: ಬೋರ್‌ವೆಲ್ ಮೋಟ್ರಿಗೆ ಆಟೋ ಸ್ವಿಚ್ ಹಾಕಿದೀನಿ, ಕರೆಂಟ್ ಬಂದ್ರೆ ತಾನೇ ಸ್ಟಾರ್ಟ್ ಆಗತ್ತೆ. ಲೈನ್‌ಮ್ಯಾನ್ ಬಂದಾಗೆಲ್ಲ ಆಟೋ ತೆಗೀರಿ ತೆಗೀರಿ ಅಂತಾನೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕೊಟ್ರೆ ನಾವು ಹಾವು ಚೇಳು ತುಳ್ಕೊಂಡು ಹೋಗಿ ಸ್ಟಾರ್ಟ್ ಮಾಡ್ಬೇಕಾ? ಈ ಸ್ಮಾರ್ಟು ಗೀರ್ಟು ನಮಗೇನಾದ್ರೂ ಉಪಯೋಗ ಐತಾ?
ರೈತರು, ಚಳ್ಳಕೆರೆ ತಾಲ್ಲೂಕು

ಉತ್ತರ: ಅಣ್ಣಾ, ಇಷ್ಟೂ ಪ್ರಶ್ನೆಲಿ ನಿಮ್ಮದೇ ದೊಡ್ಡದು. ಸಿಟಿಯವರ ಎಸಿ, ಫ್ರಿಜ್ ಎಲ್ಲ ಒಂದ್ಕಡೆ ಇಡಿ, ಕರ್ನಾಟಕದಲ್ಲಿ ನೀರಾವರಿ ಪಂಪ್‌ಸೆಟ್‌ಗಳೇ 30 ಲಕ್ಷಕ್ಕೂ ಜಾಸ್ತಿ. ರಾಜ್ಯದ ಬೇಸಿಗೆ ಬೇಡಿಕೆ 17–18 ಸಾವಿರ ಮೆಗಾವ್ಯಾಟ್ ಮುಟ್ಟೋದರಲ್ಲಿ ಇವುಗಳ ಪಾಲು ಬಹಳ ದೊಡ್ಡದು. ಗ್ರಿಡ್ ತೂಗಿಸೋ ಮಾತು ಇಲ್ಲಿ ಯಾರಾದ್ರೂ ಆಡಿದ್ರೆ ಮೊದ್ಲು ಪಂಪ್‌ಸೆಟ್‌ನಿಂದ ಶುರು ಮಾಡ್ಬೇಕು, ಆದ್ರೆ ಸ್ಮಾರ್ಟ್ ಅಂದ ತಕ್ಷಣ ಎಲ್ಲರಿಗೂ ಬೆಂಗಳೂರಿನ ಅಪಾರ್ಟ್‌ಮೆಂಟೇ ಕಣ್ಣಿಗೆ ಬೀಳೋದು.

ಲೈನ್‌ಮ್ಯಾನ್ ಯಾಕೆ ಹಂಗಂತಾನೆ ಅಂದ್ರೆ, ನಿಮ್ಮ 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಹತ್ತು ಮೋಟ್ರು ಇದಾವೆ ಅಂತಿಟ್ಕೊಳ್ಳಿ, ಒಂದೊಂದು 5 ಎಚ್‌ಪಿ. ಓಡುವಾಗ ಎಲ್ಲಾ ಸೇರಿ ಟಿಸಿ ತಡ್ಕೊಳ್ಳತ್ತೆ. ಆದ್ರೆ ನೇರ ಸ್ಟಾರ್ಟ್ ಆಗೋ ಮೋಟ್ರು ಶುರುವಿನ ಕೆಲವು ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯತ್ತೆ. ಹತ್ತಕ್ಕೂ ಆಟೋ ಇದ್ರೆ ತ್ರೀ ಫೇಸ್ ಬಂದ ಕ್ಷಣ ಹತ್ತೂ ಒಟ್ಟಿಗೆ, ಮದುವೆ ಮನೇಲಿ ಊಟಕ್ಕೆ ಎಲ್ಲರೂ ಮೊದಲ ಪಂಕ್ತಿಗೇ ನುಗ್ಗಿದ ಹಾಗೆ. ವೋಲ್ಟೇಜ್ ದಬಕ್ ಅಂತ ಬೀಳತ್ತೆ, ವೋಲ್ಟೇಜ್ ಬಿದ್ರೆ ಮೋಟ್ರು ಪಿಕಪ್ ತಗೊಳ್ಳಲ್ಲ, ತಗೊಳ್ದೇ ಇದ್ರೆ ಆ ಜಾಸ್ತಿ ಕರೆಂಟ್ ಎಳೆಯೋದು ನಿಲ್ಲಲ್ಲ, ಎಳೆದೂ ಎಳೆದೂ ಫ್ಯೂಸ್ ಹೋಗತ್ತೆ, ಇಲ್ಲಾ ಮೋಟ್ರು ವೈಂಡಿಂಗ್ ಸುಡತ್ತೆ, ಇಲ್ಲಾ ಟಿಸಿನೇ ಹೋಗತ್ತೆ. ಆಮೇಲೆ ಹತ್ತು ಜನ ದುಡ್ಡು ಹಾಕಿ ಟ್ರ್ಯಾಕ್ಟರಲ್ಲಿ ಟಿಸಿ ಹೇರ್ಕೊಂಡು ಹೋಗೋದು, ಅಷ್ಟೊತ್ತಿಗೆ ಈರುಳ್ಳಿ ಒಣಗಿರತ್ತೆ, ಅದನ್ನ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಆದ್ರೆ ಆಟೋ ತೆಗೀರಿ ಅನ್ನೋದು ಪರಿಹಾರ ಅಲ್ಲ, ಅರ್ಧ ರಾತ್ರಿ ಹೊಲಕ್ಕೆ ಹೋಗು ಅಂದಂಗೆ ಅದು. ಪರಿಹಾರ ನಿಮ್ಮ ಪ್ಯಾನಲ್ ಡಬ್ಬದ ಒಳಗೇ ಇರಬಹುದು. ಬಹಳಷ್ಟು ಆಟೋ ಸ್ವಿಚ್‌ಗಳಲ್ಲಿ ಕರೆಂಟ್ ಬಂದ್ಮೇಲೆ ಎಷ್ಟು ಹೊತ್ತು ಬಿಟ್ಟು ಮೋಟ್ರು ಶುರುವಾಗ್ಬೇಕು ಅಂತ ತಿರುಗಿಸೋ ಒಂದು ಸಣ್ಣ ಟೈಮರ್ ಇರತ್ತೆ, ಅಂಗಡಿಯವನು ಹಾಕಿಕೊಟ್ಟ ಹಾಗೇ ಎಲ್ಲರದ್ದೂ ಒಂದೇ ಸೆಟ್ಟಿಂಗಲ್ಲಿ ಇರತ್ತೆ. ನಿಮ್ಮ ಟಿಸಿಯ ಹತ್ತು ಜನ ಒಂದ್ಸಲ ಕೂತ್ಕೊಂಡು ನಿಂದು ಅರ್ಧ ನಿಮಿಷ, ನಂದು ಒಂದು, ಅವನದ್ದು ಒಂದೂವರೆ ಅಂತ ಬೇರೆಬೇರೆ ಇಟ್ಕೊಂಡ್ರೆ ಮುಗೀತು, ಪೈಸೆ ಖರ್ಚಿಲ್ಲ. ಟೈಮರ್ ಇಲ್ಲದ ಸ್ವಿಚ್ ಆದ್ರೆ ಪ್ಯಾನಲ್ ರಿಪೇರಿಯವನ ಕೈಲಿ ಒಂದು ಟೈಮರ್ ರಿಲೇ ಸೇರಿಸ್ಕೊಳ್ಳಿ. ಮುಖ್ಯ ಸ್ವಿಚ್ ಇಳಿಸದೇ ಡಬ್ಬಕ್ಕೆ ಕೈ ಹಾಕ್ಬೇಡಿ ಮತ್ತೆ.

ಇನ್ನು ಸಿಮ್ ಹಾಕಿರೋ ಮೊಬೈಲ್ ಸ್ಟಾರ್ಟರ್ ನಿಮ್ಮೂರಲ್ಲೂ ಬಂದಿರತ್ತೆ, ಮಿಸ್ ಕಾಲ್ ಕೊಟ್ರೆ ಮೋಟ್ರು ಆನ್. ನನ್ನ ಕೇಳಿದ್ರೆ ನಿಜವಾದ ಸ್ಮಾರ್ಟ್ ಡಿವೈಸ್ ಅಂದ್ರೆ ಅದೇ. ಈಗ ಅದು ನಿಮ್ಮ ಮಾತು ಒಂದೇ ಕೇಳತ್ತೆ, ನಾಳೆ ಸಬ್‌ಸ್ಟೇಷನ್ ಕೂಡ ಅದಕ್ಕೆ ಇವತ್ತು ಹತ್ತೂವರೆಗೆ ಶುರುವಾಗು, ನೀನು ಹನ್ನೊಂದಕ್ಕೆ ಅಂತ ಸರದಿ ಕೊಡೋ ಹಾಗಾದ್ರೆ ಎಷ್ಟು ಟಿಸಿ ಉಳಿಯತ್ತೆ. ನೀರು ಹೊಂಡಕ್ಕೋ ತೊಟ್ಟಿಗೋ ಬೀಳೋದಾದ್ರೆ ಅರ್ಧ ಗಂಟೆ ಹಿಂದೆಮುಂದೆ ಆದ್ರೆ ಬೆಳೆಗೇನೂ ಆಗಲ್ಲ. ನಿರಂತರ ಜ್ಯೋತಿ ಅಂತ ಊರಿನ ಫೀಡರ್ ಬೇರೆ ಪಂಪ್‌ಸೆಟ್ ಫೀಡರ್ ಬೇರೆ ಮಾಡಿದ್ದರಿಂದ ಇದಕ್ಕೆ ಅರ್ಧ ದಾರಿ ಆಗ್ಲೇ ಆಗಿದೆ. ಆದ್ರೆ ಒಂದು ಮಾತು, ಸರದಿ ಅಂದ್ಮೇಲೆ ದಿನಕ್ಕೆ ಏಳು ಗಂಟೆ ಕರೆಂಟ್ ಅಂದ್ರೆ ಏಳು ಗಂಟೆ ಕೊಡ್ಲೇಬೇಕು, ಸರದಿ ಹೆಸರಲ್ಲಿ ಐದಕ್ಕೆ ಇಳಿಸಿದ್ರೆ ರೈತ ಇನ್ನೊಂದ್ಸಲ ಯಾವ ಸ್ಮಾರ್ಟನ್ನೂ ನಂಬಲ್ಲ.

ಪ್ರಶ್ನೆ: ಹಗಲು ಕರೆಂಟ್ ಅಗ್ಗ, ಸಂಜೆ ದುಬಾರಿ ಮಾಡ್ತಾರಂತೆ, ಹೌದಾ? ಮೊದ್ಲು ರಾತ್ರಿ ಅಗ್ಗ ಅಂತಿದ್ರಲ್ಲ?
ಸಣ್ಣ ಗಿರಣಿ ಮಾಲೀಕರು, ತಿಪಟೂರು

ಉತ್ತರ: ಮೊದ್ಲು ಅಂದ್ರೆ ಕಲ್ಲಿದ್ದಲ ಕಾಲ, ರಾತ್ರಿ ಬಳಸೋರಿಲ್ಲ, ಬಾಯ್ಲರ್ ಆರಿಸೋಕಾಗಲ್ಲ, ಅದಕ್ಕೆ ರಾತ್ರಿ ಅಗ್ಗ. ಈಗ ನಿಮ್ಮ ಜಿಲ್ಲೆಯ ಪಾವಗಡಕ್ಕೇ ಹೋಗಿ ನೋಡಿ, ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ ಫಲಕ ಹಾಸಿದಾರೆ, 2,050 ಮೆಗಾವ್ಯಾಟ್, ಜಮೀನು ರೈತರದ್ದೇ, ಲೀಸ್‌ಗೆ ಕೊಟ್ಟಿರೋದು. ಮಧ್ಯಾಹ್ನ ಹನ್ನೆರಡಕ್ಕೆ ಅದು ಧಾರಾಳ, ಸಂಜೆ ಆರೂವರೆಗೆ ಸೊನ್ನೆ, ಸರಿಯಾಗಿ ಆ ಹೊತ್ತಿಗೇ ಊರಿನವರೆಲ್ಲ ಮನೆಗೆ ಬಂದು ಲೈಟು, ಟೀವಿ, ಎಸಿ ಹಾಕೋದು. ಆ ಎರಡು ಮೂರು ಗಂಟೆ ದಾಟಿಸೋದೇ ಈಗಿನ ದೊಡ್ಡ ಸರ್ಕಸ್ಸು. ಅದಕ್ಕೆ ಶರಾವತಿ ಕಣಿವೇಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಅಂತ ಹೊರಟಿದಾರೆ, ಕರೆಂಟ್ ಧಾರಾಳ ಇದ್ದಾಗ ನೀರನ್ನ ಮೇಲಿನ ಡ್ಯಾಮಿಗೆ ಎತ್ತಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡೋದು, ಕಾಡು ಹೋಗತ್ತೆ ಅಂತ ಮಲೆನಾಡಲ್ಲಿ ವಿರೋಧನೂ ಜೋರಾಗಿದೆ. ಬಳಸೋ ಹೊತ್ತನ್ನೇ ಒಂಚೂರು ಸರಿಸಿ ಎಷ್ಟು ಆಗತ್ತೋ ನೋಡಿ ಆಮೇಲೆ ಸಿಂಗಳೀಕದ ಕಾಡಿಗೆ ಕೈ ಹಾಕಿ ಅನ್ನೋದು ನನ್ನ ಅಭಿಪ್ರಾಯ, ಸಿಟ್ಟಾಗೋರು ಆಗಬಹುದು.

ಕೇಂದ್ರದ ನಿಯಮ ಬಂದಿದ್ದು 2023ರ ಜೂನಲ್ಲಿ. ಸೌರ ಹೊತ್ತಿನ ದರ ಮಾಮೂಲಿಗಿಂತ ಕನಿಷ್ಠ ಶೇ 20 ಕಡಿಮೆ ಇರ್ಬೇಕು, ಪೀಕ್ ಹೊತ್ತಲ್ಲಿ ವಾಣಿಜ್ಯ ಮತ್ತು ಕೈಗಾರಿಕೆಗೆ ಕನಿಷ್ಠ 1.2 ಪಟ್ಟು, ಬೇರೆಯವರಿಗೆ 1.1 ಪಟ್ಟು, ಕೃಷಿಗೆ ಇದು ಅನ್ವಯ ಇಲ್ಲ. ಯಾವ ಹೊತ್ತಲ್ಲಿ ಎಷ್ಟು ಬಳಸಿದ್ರಿ ಅಂತ ಬರೆದಿಡೋ ಸ್ಮಾರ್ಟ್ ಮೀಟರ್ ಬಂದ್ಮೇಲೆ ಇದು ಲಾಗೂ. ನಮ್ಮಲ್ಲಿ ದರ ನಿಗದಿ ಮಾಡೋದು ಕೆಇಆರ್‌ಸಿ, ಅಂದ್ರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಆದ್ರಿಂದ ನಿಮ್ಮ ಗಿರಣಿ ಯಾವ ವರ್ಗಕ್ಕೆ ಬರತ್ತೆ ಅಂತ ಸೆಕ್ಷನ್ ಆಫೀಸಲ್ಲಿ ಕೇಳಿ. ಕೊಬ್ಬರಿ, ರಾಗಿ ಯಾವ್ದಾದ್ರೂ ಬೀಸೋದು ಹನ್ನೊಂದರಿಂದ ಮೂರರೊಳಗೆ ಮುಗಿಸೋ ಅಭ್ಯಾಸ ಈಗಿಂದ್ಲೇ ಮಾಡ್ಕೊಂಡ್ರೆ ನಷ್ಟ ಇಲ್ಲ.

ಪ್ರಶ್ನೆ: ಗೃಹಜ್ಯೋತಿ ಒಳಗ ನಮ್ಮ ಬಿಲ್ ಜೀರೊ ಬರ್ತೈತಿ. ನಾವ್ಯಾಕ ಟೈಮ್ ನೋಡಿ ಮೋಟ್ರು ಹಚ್ಬೇಕ್ರಿ?
ಓದುಗರು, ಹುಬ್ಬಳ್ಳಿ

ಉತ್ತರ: ಹಚ್ಚಬೇಕಾಗಿಲ್ರಿ! ಸುಮ್ನೆ ದೇಶಸೇವೆ ಅಂತ ನಾನು ಬೋಧನೆ ಮಾಡಲ್ಲ. 2022–23ರ ಸರಾಸರಿ ಬಳಕೆ ಮೇಲೆ ಇನ್ನೊಂಚೂರು ಸೇರಿಸಿ 200 ಯುನಿಟ್ ಒಳಗಿದ್ರೆ ಪೂರ್ತಿ ಫ್ರೀ, ಅದರಲ್ಲಿ ಯಾವ ಹೊತ್ತಿಗೆ ಬಳಸಿದ್ರಿ ಅನ್ನೋ ಲೆಕ್ಕವೇ ಇಲ್ಲ. ಹಗಲು ಬಳಸಿದ ಯುನಿಟ್ಟನ್ನ ಮುಕ್ಕಾಲು ಯುನಿಟ್ ಅಂತ ಎಣಿಸ್ತೀವಿ ಅಂತ ಸರ್ಕಾರ ಒಂದು ಮಾತು ಹೇಳಿದ್ರೆ ನಾಳೆ ಬೆಳಿಗ್ಗೆಯಿಂದ ಹುಬ್ಬಳ್ಳಿ ಧಾರವಾಡದ ಎಲ್ಲಾ ಟ್ಯಾಂಕ್ ಮಧ್ಯಾಹ್ನವೇ ತುಂಬ್ತಾವ ನೋಡ್ರಿ. ಹಂಗ ಮಾಡೋ ಯೋಚನೆ ಅದಾ ಅಂದ್ರ, ನನ್ನ ತಲ್ಯಾಗ ಮಾತ್ರ.

ಪ್ರಶ್ನೆ: ಎಲ್ಲಾ ಮನೆ ಗೀಸರ್ ಎಸಿ ಇಂಟರ್ನೆಟ್‌ಗೆ ಸೇರಿದ್ರೆ ಹ್ಯಾಕರ್ ಕೈಗೆ ಗ್ರಿಡ್ ಕೊಟ್ಟಂತೆ ಆಗುವುದಿಲ್ವಾ? ಮೀಟರ್ ನೋಡಿ ಮನೆಯಲ್ಲಿ ಜನ ಇಲ್ಲ ಅಂತ ಕಳ್ಳನಿಗೂ ಗೊತ್ತಾಗ್ತದಲ್ಲ?
ಸಾಫ್ಟ್‌ವೇರ್ ಉದ್ಯೋಗಿ, ಮಂಗಳೂರು

ಉತ್ತರ: ಭಯ ನ್ಯಾಯವಾದದ್ದೇ. 2018ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ಕಂಪ್ಯೂಟರಲ್ಲಿ ಮಾದರಿ ಮಾಡಿ ಇದನ್ನೇ ತೋರಿಸಿದ್ರು, ಎಸಿ ಹೀಟರ್‌ನಂಥ ಜಾಸ್ತಿ ವ್ಯಾಟಿನ ಸಾಮಾನು ಸಾಕಷ್ಟು ಸಂಖ್ಯೇಲಿ ಒಬ್ಬನ ಹಿಡಿತಕ್ಕೆ ಸಿಕ್ಕಿ ಒಟ್ಟಿಗೆ ಆನ್ ಆದ್ರೆ ಗ್ರಿಡ್ ಬೀಳಿಸೋಕೆ ಸಾಧ್ಯ ಅಂತ. ಹ್ಯಾಕರ್ರೇ ಬೇಕಂತಲೂ ಇಲ್ಲ. 2020ರ ಆಗಸ್ಟಲ್ಲಿ ಜನ್ಮಾಷ್ಟಮಿ ದಿನ ಉತ್ತರ ಪ್ರದೇಶದಲ್ಲಿ ಒಂದು ತಪ್ಪು ಕಮಾಂಡ್ ಹೋಗಿ ಲಕ್ಷಕ್ಕೂ ಹೆಚ್ಚು ಮನೆಗಳ ಸ್ಮಾರ್ಟ್ ಮೀಟರ್ ಕರೆಂಟ್ ಕಟ್ ಮಾಡ್ತು, ಹಬ್ಬದ ದಿನ. ಜರ್ಮನಿಯದ್ದು ಇನ್ನೊಂದು ತರ, ಫ್ರೀಕ್ವೆನ್ಸಿ 50.2 ಹರ್ಟ್ಜ್ ದಾಟಿದ್ರೆ ಮನೆ ಮೇಲಿನ ಸೋಲಾರ್ ಬಂದ್ ಆಗ್ಬೇಕು ಅಂತ ರೂಲ್ ಮಾಡಿದ್ರು, ನಾಲ್ಕು ಮನೆ ಇದ್ದಾಗ ಸರಿ, ಲಕ್ಷಗಟ್ಟಲೆ ಆದ್ಮೇಲೆ ಹೊಳೀತು ಎಲ್ಲ ಒಂದೇ ಕ್ಷಣಕ್ಕೆ ಬಂದ್ ಆದ್ರೆ ಅದೇ ದೊಡ್ಡ ಅನಾಹುತ ಅಂತ. 2012ರಲ್ಲಿ ಕಾನೂನು ಮಾಡಿ 3 ಲಕ್ಷಕ್ಕೂ ಹೆಚ್ಚು ಸೋಲಾರ್ ಇನ್ವರ್ಟರ್ ಸೆಟ್ಟಿಂಗ್ ಬದಲಾಯಿಸಿದ್ರು. ಚಳ್ಳಕೆರೆಯ ಆಟೋ ಸ್ವಿಚ್ ಕಥೆನೇ ಇದು, ಭಾಷೆ ಮಾತ್ರ ಜರ್ಮನ್. ಆದ್ರಿಂದ ಒಂದೊಂದು ಡಿವೈಸ್ ಒಳಗೂ ಸ್ವಲ್ಪ ಹೊತ್ತು ಅಡ್ಡಾದಿಡ್ಡಿ ತಡ ಇರ್ಬೇಕು, ಸರ್ವರಿಂದ ಏನೇ ಕಮಾಂಡ್ ಬಂದ್ರೂ ಡಿವೈಸ್ ಕಣ್ಣುಮುಚ್ಚಿ ಕೇಳ್ಬಾರ್ದು. ನಿಮ್ಮ ಕಸುಬಿನವರೇ ಇದನ್ನ ಬರೀಬೇಕಾದವರು ಮಾರಾಯ್ರೇ.

ಕಳ್ಳನ ವಿಷಯ. ಅರ್ಧರ್ಧ ಗಂಟೆಯ ಬಳಕೆ ನೋಡಿದ್ರೆ ಎದ್ದಿದ್ದು ಎಷ್ಟೊತ್ತಿಗೆ, ಊರಿಗೆ ಹೋಗಿದ್ದು ಯಾವತ್ತು ಎಲ್ಲ ಗೊತ್ತಾಗತ್ತೆ, ಸುಳ್ಳಲ್ಲ. ನೆದರ್ಲೆಂಡ್ಸ್‌ನಲ್ಲಿ 2009ರಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡೋಕೆ ಹೊರಟಾಗ ಅಲ್ಲಿನ ಮೇಲ್ಮನೆ ಇದೇ ಕಾರಣಕ್ಕೆ ತಡೀತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಕೇಸಲ್ಲಿ, ಮೀಟರ್ ಡೇಟಾ ಯಾರಿಗೆ ಕೊಡ್ತೀರಿ ಅಂತ ಕೇಳೋಕೆ ಅಷ್ಟು ಸಾಕು.

ಪ್ರಶ್ನೆ: ಬ್ರಿಸ್ಬೇನ್‌ಗೆ ಬಂದು ಹೊಸದಾಗಿ ಮನೆ ಮಾಡಿದೀವಿ. ಪೀಕ್‌ಸ್ಮಾರ್ಟ್ ಎಸಿ ಹಾಕ್ಸಿದ್ರೆ ಕ್ಯಾಶ್‌ಬ್ಯಾಕ್ ಅಂತಾರೆ. ಹಾಕ್ಸೋದಾ?
ಕನ್ನಡಿಗರು, ಆಸ್ಟ್ರೇಲಿಯಾ

ಉತ್ತರ: ಹಾಕ್ಸಿ, ಕ್ಯಾಶ್‌ಬ್ಯಾಕ್ ಈಗ್ಲೂ ಇದ್ಯಾ ಅಂತ ಮೊದ್ಲು ಕೇಳ್ಕೊಂಡು. ಎಸಿ ಒಳಗೆ ಒಂದು ಸಿಗ್ನಲ್ ರಿಸೀವರ್ ಇಟ್ಟಿರ್ತಾರೆ, ಬೇಸಿಗೇಲಿ ತೀರಾ ಲೋಡ್ ಬಿದ್ದ ಕೆಲವು ದಿನ ಸಂಜೆ ಕಂಪ್ರೆಸರ್ ಎಳೆಯೋ ಪವರ್‌ಗೆ ಒಂದು ಮಿತಿ ಹಾಕ್ತಾರೆ, ಪೂರ್ತಿ ಆಫ್ ಆಗಲ್ಲ. ಬಿಸಿನೀರಿನ ಟ್ಯಾಂಕ್ ಕರೆಂಟಿನದ್ದಾದ್ರೆ ಟ್ಯಾರಿಫ್ 33ಕ್ಕೆ ಹಾಕ್ಸೋಕಾಗತ್ತಾ ಅಂತ ಎಲೆಕ್ಟ್ರಿಷಿಯನ್ ಹತ್ರ ಕೇಳಿ, ದಿನಕ್ಕೆ ಕನಿಷ್ಠ 18 ಗಂಟೆ ಕೊಡ್ತಾರೆ, ದರ ಕಡಿಮೆ. ಟ್ಯಾರಿಫ್ 31 ಇನ್ನೂ ಅಗ್ಗ ಆದ್ರೆ ಕನಿಷ್ಠ 8 ಗಂಟೆ ಅಷ್ಟೇ, ಮನೇಲಿ ಜನ ಜಾಸ್ತಿ ಇದ್ರೆ ಕೊನೇ ಸ್ನಾನದವರಿಗೆ ತಣ್ಣೀರು.

ಪ್ರಶ್ನೆ: ನಮ್ಮಲ್ಲೂ ಇಂಥ ಸ್ಕೀಮ್ ಇದ್ಯಾ? ಇಲ್ದಿದ್ರೆ ನಾನೇ ಮೊಬೈಲಿಂದ ಆನ್ ಆಫ್ ಮಾಡೋ ಸ್ಮಾರ್ಟ್ ಪ್ಲಗ್ ತಗೊಂಡು ಗೀಸರ್, ಫ್ರಿಜ್, ಸ್ಕೂಟರ್ ಚಾರ್ಜರ್ ಎಲ್ಲದಕ್ಕೂ ಹಾಕ್ಲಾ?
ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಮುಂಬೈಲಿ ಟಾಟಾ ಪವರ್‌ನವರು 2023ರಲ್ಲಿ ಮನೆ, ಕಾರ್ಖಾನೆ ಎರಡನ್ನೂ ಸೇರಿಸಿ ಶುರು ಮಾಡಿದಾರೆ, ದೆಹಲೀಲೂ ಪ್ರಯೋಗ ಆಗಿದೆ. ಇಲ್ಲಿ ಬರೋವರೆಗೂ ಟೈಮರ್ ಹಾಕ್ಕೊಂಡು ಅಭ್ಯಾಸ ಮಾಡೋದಾದ್ರೆ ಮಾಡಿ, ಆದ್ರೆ ಎಲ್ಲದಕ್ಕೂ ಅಲ್ಲ.

ಫ್ರಿಜ್‌ಗೆ ಬೇಡವೇ ಬೇಡ, ಹೊರಗಿಂದ ಪಟಪಟ ಆನ್ ಆಫ್ ಮಾಡಿದ್ರೆ ಕಂಪ್ರೆಸರ್ ಹಾಳು. ಗೀಸರ್‌ಗೆ 16 ಆಂಪಿಯರ್ ಪ್ಲಗ್ಗೇ ತಗೊಳ್ಳಿ, 2 ಕಿಲೋವ್ಯಾಟ್ ಅಂದ್ರೆ 9 ಆಂಪಿಯರ್ ಹತ್ತಿರ, 10 ಆಂಪಿಯರ್‌ದು ಆನ್‌ಲೈನಲ್ಲಿ ಅಗ್ಗಕ್ಕೆ ಸಿಗತ್ತೆ, ದಿನಾ ಅಷ್ಟು ಎಳೆದ್ರೆ ಬಿಸಿಯಾಗಿ ಕರಗಬಹುದು, ಐಎಸ್‌ಐ ಗುರುತು ನೋಡಿ ತಗೊಳ್ಳಿ. ಇನ್‌ಸ್ಟಂಟ್ ಗೀಸರ್ ಆದ್ರೆ ಏನೂ ಪ್ರಯೋಜನ ಇಲ್ಲ, ಮೊದ್ಲೇ ಕಾಯಿಸಿಡೋಕೆ ಅದರಲ್ಲಿ ಸಾಕಷ್ಟು ನೀರೇ ನಿಲ್ಲಲ್ವಲ್ಲ. ಸ್ಕೂಟರ್‌ಗೆ ಪ್ಲಗ್ ಯಾಕೆ, ಚಾರ್ಜಿಂಗ್ ಟೈಮ್ ಇಡೋ ಸೌಕರ್ಯ ಅದರ ಆಪ್‌ನಲ್ಲೇ ಇದ್ಯಾ ನೋಡಿ, ಆಫೀಸಲ್ಲಿ ಹಗಲು ಚಾರ್ಜ್ ಮಾಡೋಕೆ ಬಿಟ್ರೆ ಇನ್ನೂ ಒಳ್ಳೇದು. ಮನೇಲಾದ್ರೆ ಬಂದ ತಕ್ಷಣ ಸಂಜೆ ಏಳಕ್ಕೆ ಚುಚ್ಚೋ ಬದ್ಲು ಹನ್ನೊಂದರ ಮೇಲೆ.

ಸಂಪ್ ಮೋಟ್ರನ್ನ ಮಾತ್ರ ಈ ಪ್ಲಗ್‌ಗೆ ನೇರ ಚುಚ್ಚಬೇಡಿ, ಮೋಟ್ರು ಶುರುವಾಗೋವಾಗ ಎಳೆಯೋ ಕರೆಂಟ್‌ಗೆ ಒಳಗಿನ ರಿಲೇ, ಅಂದ್ರೆ ಸಣ್ಣ ಸ್ವಿಚ್, ಅಂಟ್ಕೊಂಡು ಆಫೇ ಆಗದೇ ಹೋಗಬಹುದು, ಟ್ಯಾಂಕ್ ತುಂಬಿ ಸುರೀತಾ ಇರತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಮೋಟ್ರಿನ ಕರೆಂಟ್ ತಡ್ಕೊಳ್ಳೋ ಕಾಂಟ್ಯಾಕ್ಟರ್ ಸ್ವಿಚ್, ಮೇಲೆ ಕೆಳಗೆ ಎರಡೂ ಕಡೆ ಲೆವೆಲ್ ಸೆನ್ಸರ್ ಹಾಕಿಸಿ, ಹನ್ನೆರಡು ಗಂಟೆಗೆ ಟೈಮರ್ ಇಡಿ. ಆಮೇಲೆ ಪ್ಲಗ್‌ನ ಆಪ್‌ನಲ್ಲಿ ಕರೆಂಟ್ ಹೋಗಿ ಬಂದ್ಮೇಲೆ ಏನಾಗ್ಬೇಕು ಅಂತ ಒಂದು ಸೆಟ್ಟಿಂಗ್ ಇರತ್ತೆ, ಅದನ್ನ ಆಫ್‌ನಲ್ಲೇ ಇಡಿ, ಯಾಕಂದ್ರೆ ಬೆಂಗಳೂರಲ್ಲಿ ಮಳೆ ಬಂದು ಕರೆಂಟ್ ಹೋಗಿ ಬಂದಾಗ ಎಲ್ಲರ ಮನೆ ಯುಪಿಎಸ್ಸೂ ಫ್ರಿಜ್ಜೂ ಒಟ್ಟಿಗೆ ಎಳೀತಿರ್ತವೆ, ನಿಮ್ಮ ಗೀಸರ್ ಒಂದು ಅರ್ಧ ಗಂಟೆ ತಡವಾಗಿ ಸೇರಿದ್ರೆ ಟ್ರಾನ್ಸ್‌ಫಾರ್ಮರ್ ಫ್ಯೂಸ್ ಹಾಕೋಕೆ ಲೈನ್‌ಮ್ಯಾನ್ ಎರಡನೇ ಸಲ ಬರೋದು ತಪ್ಪಬಹುದು.